ಟಾಕೀಸಿನಲ್ಲಿ ನಕ್ಕಷ್ಟು ಮನೆಯಲ್ಲಿ ಯಾಕೆ ನಗು ಬರಲಿಲ್ಲ? (ಈಚೆಗೆ ನೋಡಿದ ಸಿನಿಮಾಗಳ ಬಗ್ಗೆ ಮಾತಾಡೋಣ)

ಕದ್ರಿಯ ಬೆಕ್ಕು
ಒಂದು ಸಂಶಯ. ಜುಲೈ ಕೊನೆಯಲ್ಲಿ ‘ಸು ಫ್ರಮ್ ಸೋ’ ಎಂಬ ದೆವ್ವದ ಹಾಸ್ಯ ಸಿನಿಮಾ ಬಂದ ವಾರವೇ ನೋಡಿದ್ದೆ. ಹೊರಗೆ ಜಡಿಮಳೆ, ಒಳಗೆ ಒದ್ದೆ ಕೊಡೆಗಳ ವಾಸನೆ. ಹಿಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ ನಕ್ಕು ನಕ್ಕು ಕೆಮ್ಮಲು ಶುರುಮಾಡಿದರು. ಮೊಮ್ಮಗ ನೀರಿನ ಬಾಟಲಿ ಕೊಟ್ಟ. ಕುಡಿಯುವಾಗಲೇ ಅವರಿಗೆ ಮತ್ತೆ ನಗು ಬಂತು, ಬಾಯಲ್ಲಿದ್ದ ನೀರೆಲ್ಲ ನನ್ನ ಹೆಗಲಿಗೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನೂ ಹೊಟ್ಟೆ ಹಿಡಿದುಕೊಂಡಿದ್ದೆ.

ಕಳೆದ ಭಾನುವಾರ ಅದೇ ಸಿನಿಮಾವನ್ನು ಅಮ್ಮನಿಗೆಂದು ಮನೆಯ ಟಿವಿಯಲ್ಲಿ ಹಾಕಿದೆ. ಅಮ್ಮ ಮಣೆಯ ಮೇಲೆ ಕುಳಿತು ಸೌತೆಕಾಯಿ ಹೆಚ್ಚುತ್ತಾ ನೋಡಿದರು. ಅರ್ಧ ಗಂಟೆಯಾದ ಮೇಲೆ ಕೇಳಿದರು: “ಇವರೆಲ್ಲ ಮಾತಾಡದೆ ಇಷ್ಟು ಹೊತ್ತು ಮುಖ ಮುಖ ನೋಡುವುದು ಯಾಕೆ?” ಅಲ್ಲಿಂದ ಮುಂದೆ ನನಗೂ ಅದೇ ಕಾಣತೊಡಗಿತು. ಟಾಕೀಸಿನಲ್ಲಿ ಉಸಿರು ಕಟ್ಟುವಷ್ಟು ನಗಿಸಿದ ಜಾಗಗಳಲ್ಲಿ ನಮ್ಮ ಮನೆಯಲ್ಲಿ ಚೂರಿಯ ಸದ್ದು ಮಾತ್ರ.

ಅಂದು ನನ್ನನ್ನು ನಗಿಸಿದ್ದು ಸಿನಿಮಾವೋ, ಟಾಕೀಸೋ? ನೀವು ಈಚೆಗೆ ಯಾವುದನ್ನು ಎಲ್ಲಿ ನೋಡಿದಿರಿ, ಹೇಗಿತ್ತು, ಬರೆಯಿರಿ. ನೋಡದವರೂ ಇದ್ದಾರೆ, ಕೊನೆಯನ್ನು ಬಿಟ್ಟುಕೊಡಬೇಡಿ.

ಕೊಠಡಿ 302
ಟಾಕೀಸು. ಚರ್ಚೆ ಮುಗಿಯಿತು.

ಕಾಪುದೀಪ
ಎಲ್ಲಿ ಮುಗಿಯಿತು? ನಾನು ಅದನ್ನು ನೋಡಿದ್ದು ಉಡುಪಿ–ಮಂಗಳೂರು ಬಸ್ಸಿನಲ್ಲಿ, ಮೊಬೈಲಿನಲ್ಲಿ, ಎರಡು ದಿನದ ಕಂತಿನಲ್ಲಿ. ಹೆಜಮಾಡಿ ಟೋಲ್‌ನಲ್ಲಿ ಬಸ್ ನಿಂತಾಗ ನಾನೊಬ್ಬನೇ ಗಹಗಹಿಸಿ ನಕ್ಕೆ. ಪಕ್ಕದಲ್ಲಿದ್ದವರು ತಮ್ಮ ಚೀಲವನ್ನು ಮೆಲ್ಲಗೆ ಆಚೆಗೆ ಎಳೆದುಕೊಂಡರು. ನನಗೆ ಟಾಕೀಸೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ. ಸಿನಿಮಾದಲ್ಲೇ ಏನೋ ಉಂಟು.

ನಾಟಕದ ಮಾಮ
ಬೆಕ್ಕಿನ ಅಮ್ಮ ಕೇಳಿದ ಪ್ರಶ್ನೆ ಈ ವೇದಿಕೆಯಲ್ಲಿ ಇಷ್ಟು ದಿನ ಬಂದ ಎಲ್ಲ ಸಿನಿಮಾ ವಿಮರ್ಶೆಗಳಿಗಿಂತ ಚೆನ್ನಾಗಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಸುರತ್ಕಲ್ ಕಡೆಯ ಹವ್ಯಾಸಿ ತಂಡವೊಂದರಲ್ಲಿ ಹನ್ನೆರಡು ವರ್ಷ ತುಳು ನಾಟಕ ಆಡಿದವನು ನಾನು. ಹೆಚ್ಚಾಗಿ ಕೆಲಸದಾಳಿನ ಪಾತ್ರ. ನಮಗೆ ಕಲಿಸಿದವರು ಮಾತಿಗಿಂತ ಮೊದಲು ಕಲಿಸಿದ್ದು ಸುಮ್ಮನಿರುವುದನ್ನು. ಜನರ ನಗು ಏರುತ್ತಿರುವಾಗ ಬಾಯಿ ತೆರೆಯಬಾರದು, ತೆರೆದರೆ ಮುಂದಿನ ಮಾತು ಯಾರಿಗೂ ಕೇಳುವುದಿಲ್ಲ. ಪೂರ್ತಿ ಇಳಿಯುವ ತನಕವೂ ಕಾಯಬಾರದು, ಕಾದರೆ ದೃಶ್ಯ ತಣ್ಣಗಾಗುತ್ತದೆ. ಇಳಿಯಲು ಶುರುವಾದ ಆ ಗಳಿಗೆಯಲ್ಲಿ ಮುಂದಿನ ಮಾತು ಹಾಕಬೇಕು. ಅಷ್ಟು ಹೊತ್ತು ರಂಗದ ಮೇಲಿನವರು ಮಾಡುವುದೇನು? ಮುಖ ಮುಖ ನೋಡುವುದು!

ಒಮ್ಮೆ ಶಾಲಾ ವಾರ್ಷಿಕೋತ್ಸವದಲ್ಲಿ ನಮ್ಮ ನಾಟಕ ಶುರುವಾಗುವಾಗ ರಾತ್ರಿ ಹನ್ನೊಂದು ದಾಟಿತ್ತು, ಅಕಾಲ ಮಳೆ ಬೇರೆ. ಜನ ಮೂವತ್ತೋ ನಲವತ್ತೋ. ಪ್ರತಿ ಊರಿನಲ್ಲೂ ಚಪ್ಪಾಳೆ ಬೀಳುತ್ತಿದ್ದ ಮಾತು ಹೇಳಿ, ಅಭ್ಯಾಸಬಲದಿಂದ ಕಾದು ನಿಂತೆ. ನಗು ಬರಲಿಲ್ಲ. ಶಾಮಿಯಾನದ ಹಿಂದಿನ ಜನರೇಟರಿನ ಗುರ್ ಗುರ್ ಮಾತ್ರ. ಎದುರಿನ ಪಾತ್ರಧಾರಿ ನನ್ನ ಮುಖ ನೋಡುತ್ತಿದ್ದಾನೆ, ನಾನು ಅವನ ಮುಖ. ಮೂರು ಸೆಕೆಂಡು ಇರಬಹುದು. ಇಂದಿಗೂ ಕನಸಿನಲ್ಲಿ ಬರುತ್ತದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಹಾಸ್ಯ ಸಿನಿಮಾದ ಬೇರು ನಾಟಕದಲ್ಲಿದೆ. 2011ರಲ್ಲಿ ತುಳು ಸಿನಿಮಾಕ್ಕೆ ಮತ್ತೆ ಜೀವ ಕೊಟ್ಟ ‘ಒರಿಯರ್ದೊರಿ ಅಸಲ್’ ಮೊದಲು ನಾಟಕವೇ ಆಗಿತ್ತು. ‘ಸು ಫ್ರಮ್ ಸೋ’ ನಿರ್ದೇಶಿಸಿ ಅಶೋಕನ ಪಾತ್ರವನ್ನೂ ಮಾಡಿದ ಜೆ.ಪಿ. ತೂಮಿನಾಡು ಕೂಡ ರಂಗಭೂಮಿಯಿಂದಲೇ ಬಂದವರು. ಇಂಥವರು ಸಿನಿಮಾ ಮಾಡುವಾಗ ನಗುವಿಗೆ ಜಾಗ ಬಿಟ್ಟೇ ಬಿಡುತ್ತಾರೆ, ಅವರಿಗೆ ಗೊತ್ತಾಗಿಯೋ ಗೊತ್ತಾಗದೆಯೋ. ಆ ಜಾಗ ಬೆಕ್ಕಿನ ಹಿಂದಿನ ಸಾಲಿನ ಅಜ್ಜಿಗೆ ಮೀಸಲು. ಮನೆಯಲ್ಲಿ ಅಜ್ಜಿ ಇರಲಿಲ್ಲ, ಜಾಗ ಖಾಲಿ ಉಳಿಯಿತು.

ಕದ್ರಿಯ ಬೆಕ್ಕು
ಮಾಮ, ಇದನ್ನು ಅಮ್ಮನಿಗೆ ಓದಿ ಹೇಳಿದೆ. “ಹಾಗಾದರೆ ನಾನು ಹೇಳಿದ್ದು ಸರಿ” ಎಂದು ಎರಡು ಸಲ ಹೇಳಿದರು. ಇನ್ನು ಒಂದು ವಾರ ನನಗೆ ಉಳಿಗಾಲವಿಲ್ಲ.

ಘಟ್ಟ ಇಳಿದವನು
ಹಾಸನದವನು, ಕೆಲಸದ ಮೇಲೆ ಇಲ್ಲಿಗೆ ಬಂದು ಎರಡು ವರ್ಷ. ನನ್ನ ಸಮಸ್ಯೆಯೇ ಬೇರೆ. ಎಲ್ಲರೂ ನಕ್ಕು ಮುಗಿಸಿದ ಮೇಲೆ ನನಗೆ ಅರ್ಥವಾಗಿ ನಾನೊಬ್ಬ ನಗುತ್ತಿದ್ದೆ. ಮುಖ್ಯವಾಗಿ ಒಂದು ಪ್ರಶ್ನೆ: ಆ ಸಿನಿಮಾದ ಭಾವ ತೆರೆಯ ಮೇಲೆ ಬಂದರೆ ಸಾಕು, ಏನೂ ಹೇಳದಿದ್ದರೂ ಜನ ಯಾಕೆ ಅಷ್ಟು ಕಿರುಚುವುದು? ನಮ್ಮಲ್ಲೂ ಭಾವಂದಿರಿದ್ದಾರೆ. ಬಂದರೆ ಕಾಫಿ ಕೊಡುತ್ತೇವೆ. ‘ಬಂದರೋ ಬಂದರು’ ಎಂದು ಹಾಡುವುದಿಲ್ಲ.

ಬೋಳಾರದ ಅಕ್ಕ
ತಮ್ಮಾ, ನೀನು ಇಲ್ಲಿಯ ಮದುವೆ ಮನೆಯಲ್ಲಿ ಒಂದು ದಿನವಾದರೂ ಕಳೆದಿದ್ದರೆ ಈ ಪ್ರಶ್ನೆ ಕೇಳುತ್ತಿರಲಿಲ್ಲ. ಚಪ್ಪರ ಕಟ್ಟುವಾಗ ಭಾವ ಇರುವುದಿಲ್ಲ, ತೆಂಗಿನಕಾಯಿ ತುರಿಯುವಾಗ ಇರುವುದಿಲ್ಲ, ನೀರು ಹೊರುವಾಗಲಂತೂ ಹುಡುಕಿದರೂ ಸಿಗುವುದಿಲ್ಲ. ಎಲ್ಲ ಮುಗಿದು ಊಟದ ಸಾಲು ಹಾಕುವ ಹೊತ್ತಿಗೆ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬಂದು, ಸೊಂಟಕ್ಕೆ ಕೈಕೊಟ್ಟು ನಿಂತು, “ಆ ಕಡೆ ಸಾರು ಹೋಗಲಿಲ್ಲ” ಎನ್ನುತ್ತಾರೆ. ಯಾರೂ ಎದುರಾಡುವಂತಿಲ್ಲ, ಅಕ್ಕನ ಗಂಡ. ನಮ್ಮ ಮನೆಯಲ್ಲಿ ಇಂಥವರು ಮೂವರಿದ್ದಾರೆ. ನಾನು ನಕ್ಕಿದ್ದು ಸಿನಿಮಾದವರನ್ನು ನೋಡಿಯಲ್ಲ, ಅವರನ್ನು ನೆನೆದು.

ಕೊಠಡಿ 302
ಅಕ್ಕ, ಮೂವರಲ್ಲಿ ಯಾರಾದರೂ ಈ ವೇದಿಕೆಯಲ್ಲಿ ಇದ್ದರೆ?

ಬೋಳಾರದ ಅಕ್ಕ
ಇದ್ದರೆ ಇರಲಿ. ಅವರಿಗೆ ಓದುವ ಕೆಲಸವೂ ಆಗುವುದಿಲ್ಲ.

ಪಂಚಗಂಗಾವಳಿ
ಎಲ್ಲರೂ ಮೂಲ ಪ್ರಶ್ನೆಯನ್ನೇ ಬಿಟ್ಟಿದ್ದೀರಿ. ‘ಸು ಫ್ರಮ್ ಸೋ’ ಎಂದರೆ ಸುಲೋಚನಾ ಫ್ರಮ್ ಸೋಮೇಶ್ವರ, ಸರಿ. ಯಾವ ಸೋಮೇಶ್ವರ? ನಮಗೆ ಕುಂದಾಪುರದವರಿಗೆ ಸೋಮೇಶ್ವರ ಎಂದರೆ ಬೈಂದೂರಿನ ಕಡಲತೀರ. ನನ್ನ ಹೆಂಡತಿಯ ಊರು ಹೆಬ್ರಿ, ಅವಳಿಗೆ ಆಗುಂಬೆ ಘಾಟಿಯ ಬುಡದ ಸೋಮೇಶ್ವರ. ಮಧ್ಯಂತರದ ತನಕ ನಾವಿಬ್ಬರೂ ಬೇರೆ ಬೇರೆ ಊರಿನ ದೆವ್ವವನ್ನು ನೋಡುತ್ತಿದ್ದೆವು.

ಕಾಪುದೀಪ
ಉಳ್ಳಾಲದ ಸೋಮೇಶ್ವರ ಅಲ್ಲವೇ? ನಿರ್ದೇಶಕರ ಹೆಸರಿನಲ್ಲಿರುವ ತೂಮಿನಾಡು ಎಂಬ ಊರು ಇರುವುದು ಮಂಜೇಶ್ವರದ ಕಡೆ. ಅಲ್ಲಿಯವರ ಬಾಯಲ್ಲಿ ಸೋಮೇಶ್ವರ ಎಂದರೆ ಉಳ್ಳಾಲದ್ದೇ ಎಂದು ನಾನು ಮೊದಲೇ ತೀರ್ಮಾನ ಮಾಡಿಕೊಂಡು ಕೂತಿದ್ದೆ.

ಪಂಚಗಂಗಾವಳಿ
ನೀವು ಕಾಪುವಿನವರು, ದಕ್ಷಿಣಕ್ಕೆ ವಾಲುತ್ತೀರಿ.

ಲೆಕ್ಕದ ಪುಸ್ತಕ
ನಗು, ದೆವ್ವ ಎಲ್ಲ ಇರಲಿ. ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಅಕ್ಟೋಬರಿನಲ್ಲಿ ‘ಕಾಂತಾರ: ಚಾಪ್ಟರ್ 1’ ನೋಡಲು ನಾಲ್ಕು ಜನ ಹೋದೆವು. ಟಿಕೆಟ್, ಎರಡು ಪೊಟ್ಟಣ ಪಾಪ್‌ಕಾರ್ನ್, ಒಂದು ನೀರಿನ ಬಾಟಲಿ, ವಾಹನ ನಿಲುಗಡೆ ಸೇರಿ 2,140 ರೂಪಾಯಿ. ಚೀಟಿ ಇಟ್ಟುಕೊಂಡಿದ್ದೇನೆ. ಮನೆಯಿಂದ ತಂದ ಚಕ್ಕುಲಿಯನ್ನು ಬಾಗಿಲಲ್ಲೇ ತೆಗೆಸಿದರು. ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿದೆ ಎಂದು ಪತ್ರಿಕೆಯಲ್ಲಿ ಓದಿದ್ದೆ, ಎಲ್ಲಿ ಹೋಯಿತು ಅದು?

ಹಳೆ ಬಾಲ್ಕನಿ
ಪೂರ್ತಿ ಓದಿಲ್ಲ ನೀವು. 2025ರ ಬಜೆಟ್‌ನಲ್ಲಿ ಹೇಳಿದ್ದು, ಸೆಪ್ಟೆಂಬರ್ 12ಕ್ಕೆ ಆದೇಶ ಹೊರಬಿದ್ದದ್ದು. ಅದೂ 200 ಮತ್ತು ಅದರ ಮೇಲೆ ತೆರಿಗೆ. 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ವಿಶೇಷ ಪರದೆಗಳಿಗೆ ಆ ಮಿತಿ ಇರಲಿಲ್ಲ. ಸೆಪ್ಟೆಂಬರ್ 23ಕ್ಕೆ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ನಿಮ್ಮ ಸಿನಿಮಾ ಬಂದದ್ದು ಅಕ್ಟೋಬರ್ 2ಕ್ಕೆ. ಮಿತಿ ಹನ್ನೊಂದು ದಿನ ಬದುಕಿತು, ನೀವು ಆಮೇಲೆ ಹೋದಿರಿ.

ಲೆಕ್ಕದ ಪುಸ್ತಕ
ತೆರಿಗೆ ಇಳಿಯಿತು ಎಂದರಲ್ಲ?

ಹಳೆ ಬಾಲ್ಕನಿ
ಇಳಿದದ್ದು 100 ರೂಪಾಯಿಯ ಒಳಗಿನ ಟಿಕೆಟ್ಟಿಗೆ, 12ರಿಂದ ಶೇಕಡಾ 5ಕ್ಕೆ. ಅದಕ್ಕಿಂತ ಮೇಲಿನದಕ್ಕೆ 18 ಹಾಗೆಯೇ ಇದೆ. ಮಾಲ್‌ನಲ್ಲಿ 100 ರೂಪಾಯಿಯೊಳಗಿನ ಟಿಕೆಟ್ ಸಿಕ್ಕಿದರೆ ನನಗೂ ಒಂದು ತೆಗೆದಿಡಿ.

ಘಟ್ಟ ಇಳಿದವನು
ಚಕ್ಕುಲಿ ಏನಾಯಿತು?

ಲೆಕ್ಕದ ಪುಸ್ತಕ
ಬಾಗಿಲಲ್ಲೇ ನಿಂತು ನಾಲ್ಕೂ ಜನ ತಿಂದೆವು. ಮೊದಲ ಹತ್ತು ನಿಮಿಷದ ಕತೆ ತಪ್ಪಿತು.

ಕೊಠಡಿ 302
ಹತ್ತು ನಿಮಿಷ ತಪ್ಪಿಸಿಕೊಂಡು ನೋಡುವ ಸಿನಿಮಾವೇ ಅದು! ನಾನು ಎರಡು ಸಲ ನೋಡಿದೆ, ಎರಡೂ ಸಲ ಟಾಕೀಸಿನಲ್ಲಿ. ರಥದ ದೃಶ್ಯಕ್ಕೆ ಕುರ್ಚಿಯ ಹಿಡಿ ಹಿಡಿದುಕೊಂಡಿದ್ದೆ. ಅಕ್ಟೋಬರ್ 31ಕ್ಕೇ ಮನೆಗೆ ಬಂತಲ್ಲ, ಹಾಸ್ಟೆಲಿನ ಗೆಳೆಯರು ಲ್ಯಾಪ್‌ಟಾಪಿನಲ್ಲಿ ನೋಡಿ “ಅಷ್ಟೇನಿಲ್ಲ” ಎಂದರು. ಸಮುದ್ರವನ್ನು ಬಕೆಟಿನಲ್ಲಿ ತಂದು ನೋಡಿದ ಹಾಗೆ.

ಪಂಚಗಂಗಾವಳಿ
ನಾನು ಒಪ್ಪುವುದಿಲ್ಲ. 2022ರ ಮೊದಲನೆಯದು ನನಗೆ ಹೆಚ್ಚು ಇಷ್ಟ. ಅದರಲ್ಲಿ ನಾಯಕ ಮನೆಗೆ ಬಂದರೆ ತಾಯಿ ಬೈಯುತ್ತಾಳೆ, ಮೀನು ಸಾರು ಇದೆ, ಅರಣ್ಯಾಧಿಕಾರಿಯ ಜೊತೆ ಕಿರಿಕಿರಿ ಇದೆ. ಕೆರಾಡಿ ಕಡೆಯ ಕಾಡು, ಗದ್ದೆ, ಕೆಸರು ನಾವು ಕಂಡದ್ದು. ಹೊಸದರಲ್ಲಿ ಕದಂಬರ ಕಾಲ, ಅರಮನೆ, ರಾಜಕುಮಾರಿ, ಎಲ್ಲವೂ ದೊಡ್ಡದು, ಚಂದವೂ ಹೌದು, ಛಾಯಾಗ್ರಹಣಕ್ಕೆ ನೂರಕ್ಕೆ ನೂರು. ಆದರೆ ಒಬ್ಬರಾದರೂ ಗಂಜಿ ಉಣ್ಣುವುದು ಕಂಡೆಯಾ ನೀನು?

ಕೊಠಡಿ 302
ಗಂಜಿ ನೋಡಲು ನಾನು ಟಿಕೆಟ್ ಯಾಕೆ ತೆಗೆಯಲಿ? ನಮ್ಮ ಮೆಸ್ಸಿನಲ್ಲಿ ದಿನಾ ಕಾಣುತ್ತೇನೆ.

ಬೋಳಾರದ ಅಕ್ಕ
ನಮ್ಮ ಅತ್ತೆ ಮೊದಲನೆಯ ಕಾಂತಾರದ ಕೊನೆಯಲ್ಲಿ ಟಾಕೀಸಿನಲ್ಲೇ ಎದ್ದು ನಿಂತು ಕೈ ಮುಗಿದಿದ್ದರು. ನೋಡಿ ನಮಗೂ ಕಣ್ಣು ತುಂಬಿತ್ತು. ಈ ಸಲ ಹಿಂದಿನ ಸಾಲಿನ ಹುಡುಗನೊಬ್ಬ ದೈವದ ಕೂಗನ್ನು ಅನುಕರಿಸಿ ಕೂಗಿದ, ಅವನ ಗೆಳೆಯರು ಮೊಬೈಲು ಹಿಡಿದು ಚಿತ್ರೀಕರಿಸಿದರು. ಅತ್ತೆ ಹಿಂದೆ ತಿರುಗಿ, “ನಿನ್ನ ಊರು ಯಾವುದು, ನಿನ್ನ ಮನೆಯಲ್ಲಿ ಯಾರಿದ್ದಾರೆ?” ಎಂದು ಶಾಂತವಾಗಿಯೇ ಕೇಳಿದರು. ಅವನು ಕೂತವನು ಆಮೇಲೆ ಉಸಿರೆತ್ತಲಿಲ್ಲ. ಸಿನಿಮಾ ಮಾಡಿದವರೇ ಹೀಗೆ ಅನುಕರಣೆ ಮಾಡಬೇಡಿ ಎಂದು ಕೇಳಿಕೊಂಡಿದ್ದರು. ಟಾಕೀಸಿನ ಜನ ಸೇರಿ ನಗುವುದು ಚಂದ ಎಂದು ನಾಟಕದ ಮಾಮ ಬರೆದರು, ಸರಿ. ಅದೇ ಜನ ಸೇರಿ ಕೆಡಿಸುವುದೂ ಉಂಟು.

ವೇದಿಕೆ ನಿರ್ವಾಹಕ
ದೈವದ ವಿಷಯವನ್ನು ಇಲ್ಲಿಗೇ ಬಿಡೋಣ. ಹಿಂದಿನ ಸಲ ಏನಾಯಿತೆಂದು ಎಲ್ಲರಿಗೂ ನೆನಪಿದೆ.

ಘಟ್ಟ ಇಳಿದವನು
ಅತ್ತೆಯವರ ಪ್ರಶ್ನೆಯನ್ನು ನಾನು ಬರೆದಿಟ್ಟುಕೊಂಡಿದ್ದೇನೆ, ಕಚೇರಿಯಲ್ಲಿ ಬಳಸಲು.

ನನಗೆ ಇನ್ನೊಂದು ತಕರಾರಿದೆ. ಕರಾವಳಿ ಸಿನಿಮಾಗಳಲ್ಲಿ ಎಲ್ಲರೂ ಪಠ್ಯಪುಸ್ತಕದ ಹಾಗೆ ಮಾತಾಡುತ್ತಾರೆ ಎಂದು ನಮ್ಮ ಊರಿನವರಿಗೆ ಅನಿಸುತ್ತದೆ. ಸ್ವಲ್ಪ ಕೃತಕ ಅಲ್ಲವೇ?

ಕಾಪುದೀಪ
ಬಂತು ನೋಡಿ. ಸ್ವಾಮೀ, ಇಲ್ಲಿ ಬಹಳ ಜನರಿಗೆ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡವನ್ನು ಶಾಲೆಯಲ್ಲಿ ಕಲಿತದ್ದು, ಹಾಗಾಗಿ ಪುಸ್ತಕದ ಹತ್ತಿರ ಇದೆ. ಕೃತಕವಲ್ಲ, ನಮ್ಮದೇ ಅದು. ಮೊದಲೆಲ್ಲ ಕನ್ನಡ ಸಿನಿಮಾದಲ್ಲಿ ಈ ಮಾತು ಕೇಳಬೇಕಾದರೆ ಅಡುಗೆಭಟ್ಟರೋ ಹೋಟೆಲು ಮಾಣಿಯೋ ಬರಬೇಕಿತ್ತು, ಅದೂ ನಗಿಸಲಿಕ್ಕೆ. 2017ರಲ್ಲಿ ‘ಒಂದು ಮೊಟ್ಟೆಯ ಕಥೆ’ ನೋಡುವಾಗ ನನಗೆ ಆದ ಸಂತೋಷ ಇಷ್ಟೇ: ಮಂಗಳೂರಿನ ಕನ್ನಡ ಆಡುವವನಿಗೆ ಮದುವೆಯ ಚಿಂತೆಯೂ ಇರಬಹುದು, ಬೇಸರವೂ ಆಗಬಹುದು, ಅವನೇ ನಾಯಕನೂ ಆಗಬಹುದು.

ಪಂಚಗಂಗಾವಳಿ
ಇಲ್ಲಿಯೂ ಕುಂದಾಪುರವನ್ನು ಬಿಟ್ಟಿರಿ. ನಮ್ಮ ಮನೆಮಾತು ಕನ್ನಡವೇ, ಪುಸ್ತಕದ್ದಲ್ಲ. ಘಟ್ಟ ಇಳಿದವರು ಒಮ್ಮೆ ಬ್ರಹ್ಮಾವರ ದಾಟಿ ಉತ್ತರಕ್ಕೆ ಬರಲಿ, ಪಠ್ಯಪುಸ್ತಕ ಎಲ್ಲಿ ಕಳೆದುಹೋಯಿತೆಂದು ಹುಡುಕಲಿ.

ಹಳೆ ಬಾಲ್ಕನಿ
ನಾಟಕದ ಮಾಮನ ಮಾತು ನಗಿಸುವ ಸಿನಿಮಾಕ್ಕೆ ಸರಿ. ಎಲ್ಲದಕ್ಕೂ ಹೊಂದುವುದಿಲ್ಲ.

2014ರಲ್ಲಿ ‘ಉಳಿದವರು ಕಂಡಂತೆ’ ಬಂದಾಗ ಉಡುಪಿಯಲ್ಲಿ ಸಂಜೆಯಾಟಕ್ಕೆ ಹೋಗಿದ್ದೆ. ಮಲ್ಪೆಯ ಕತೆ, ನಮ್ಮ ಹುಡುಗರೇ ಮಾಡಿದ್ದು ಎಂಬ ಅಭಿಮಾನ. ಒಂದೇ ಘಟನೆಯನ್ನು ಒಬ್ಬೊಬ್ಬರು ಕಂಡಂತೆ ಹೇಳುತ್ತಾ ಹೋಗುವುದು ಅದರ ಕ್ರಮ. ಜನರಿಗೆ ಹಿಡಿಸಲಿಲ್ಲ. ನನ್ನ ಮುಂದೆ ಕೂತಿದ್ದ ಇಬ್ಬರು ಮಧ್ಯಂತರದಲ್ಲಿ ಹೋದವರು ತಿರುಗಿ ಬರಲಿಲ್ಲ. ಇನ್ನೊಬ್ಬರು “ಇದನ್ನು ಆಗಲೇ ತೋರಿಸಿದರಲ್ಲ!” ಎಂದು ಗಟ್ಟಿಯಾಗಿ ಹೇಳುತ್ತಲೇ ಇದ್ದರು. ಈಗ ನೋಡಿದರೆ ಆಗ ಮೂರನೆಯ ತರಗತಿಯಲ್ಲಿದ್ದ ನನ್ನ ಅಣ್ಣನ ಮಗನಿಗೆ ಅದರ ಮಾತುಗಳೆಲ್ಲ ಬಾಯಿಪಾಠ. ಅವನು ನೋಡಿದ್ದು ರಾತ್ರಿ ಚಾದರದೊಳಗೆ, ಕಿವಿಗೆ ತಂತಿ ಸಿಕ್ಕಿಸಿಕೊಂಡು, ತನಗೆ ಬೇಕಾದಲ್ಲಿ ನಿಲ್ಲಿಸಿ, ಹಿಂದೆ ಹೋಗಿ. ಆ ಸಿನಿಮಾಕ್ಕೆ ಬೇಕಿದ್ದದ್ದು ಅಂಥ ಪ್ರೇಕ್ಷಕ. ಟಾಕೀಸಿನಲ್ಲಿ ಹಿಂದೆ ಹೋಗಲು ಆಗುವುದಿಲ್ಲವಲ್ಲ.

ಇನ್ನೊಂದು ಹೇಳುತ್ತೇನೆ. ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ನೋಡಿದ್ದೀರಾ? ವೈದೇಹಿಯವರ ಕತೆಯಿಂದ ಹೊರಟದ್ದು, ಆದರೆ ಕತೆಗೂ ಸಿನಿಮಾಕ್ಕೂ ಬಹಳ ದೂರ. ಕುಂದಾಪುರದ ಕಡೆಯ ಮೀನುಗಾರರ ಊರು, ಸಿನಿಮಾದ ಹುಚ್ಚಿನ ಸೂಲಗಿತ್ತಿ ಗುಲಾಬಿ. ಅವಳ ಮನೆಗೆ ಬಣ್ಣದ ಟಿವಿ ಬರುತ್ತದೆ, ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ, ಮೊದಲು ಬಾಗಿಲಲ್ಲಿ ನಿಂತು ನೋಡಿದವರೂ ಮೆಲ್ಲಗೆ ಒಳಗೆ ಬರುತ್ತಾರೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಆ ಪಾತ್ರಕ್ಕೆ. ಬೆಕ್ಕು ಕೇಳಿದ ಪ್ರಶ್ನೆಗೆ ಅದರಲ್ಲಿ ಇನ್ನೊಂದು ಉತ್ತರವಿದೆ. ಮನೆಯಲ್ಲಿ ನೋಡಿದರೂ ಟಾಕೀಸು ಆಗುತ್ತದೆ, ಬಾಗಿಲು ತೆರೆದಿಡಬೇಕು.

ಕೊಠಡಿ 302
ಬಾಲ್ಕನಿ ಅಜ್ಜ, ನೀವು ಇಷ್ಟು ಉದ್ದ ಬರೆದದ್ದು ಇದೇ ಮೊದಲು.

ಹಳೆ ಬಾಲ್ಕನಿ
ಅಜ್ಜ ಅಲ್ಲ. 56.

ಕಾಪುದೀಪ
ನಗಿಸದ ಸಿನಿಮಾಕ್ಕೂ ಜನ ಬೇಕು ಎನ್ನುವುದಕ್ಕೆ ನನ್ನ ಸಾಕ್ಷಿ ಮಲಯಾಳಂನ ‘ಮಂಜುಮ್ಮೆಲ್ ಬಾಯ್ಸ್’. 2006ರಲ್ಲಿ ಕೊಡೈಕನಾಲ್‌ನ ಗುಣಾ ಗುಹೆಯಲ್ಲಿ ನಿಜವಾಗಿ ನಡೆದದ್ದು, ಒಳಗೆ ಬಿದ್ದವನು ಬದುಕಿ ಬಂದದ್ದೂ ಮೊದಲೇ ಗೊತ್ತಿತ್ತು. ಆದರೂ ಮಂಗಳೂರಿನ ಟಾಕೀಸಿನಲ್ಲಿ, ಅರ್ಧಕ್ಕರ್ಧ ಮಲಯಾಳಿ ವಿದ್ಯಾರ್ಥಿಗಳ ನಡುವೆ, ಹಗ್ಗ ಇಳಿಸುವಾಗ ಯಾರೊಬ್ಬರೂ ಪಾಪ್‌ಕಾರ್ನ್ ಅಗಿಯಲಿಲ್ಲ. ಪೊಟ್ಟಣದ ಸದ್ದು ಕೂಡ ನಿಂತಿತು. ಮನೆಯಲ್ಲಿ ಎರಡನೆಯ ಸಲ ನೋಡುವಾಗ ಅದೇ ಜಾಗದಲ್ಲಿ ಕುಕ್ಕರ್ ಕೂಗಿತು.

ಘಟ್ಟ ಇಳಿದವನು
ಮಲಯಾಳಂ ಸಿನಿಮಾಕ್ಕೆ ನಾನೂ ಇಲ್ಲಿಗೆ ಬಂದ ಮೇಲೆಯೇ ಹೋಗತೊಡಗಿದ್ದು. ಆಗಸ್ಟ್ ಕೊನೆಯಲ್ಲಿ ‘ಲೋಕಾ’ ನೋಡಿದೆ. ಹಳೆಯ ಯಕ್ಷಿಯ ಕತೆಯನ್ನು ತಂದು ಬೆಂಗಳೂರಿನ ರಾತ್ರಿಗೆ ಹೊಂದಿಸಿದ ರೀತಿ ಚೆನ್ನಾಗಿತ್ತು, ದ್ವಿತೀಯಾರ್ಧ ಸ್ವಲ್ಪ ಎಳೆದರು. ಒಂದೇ ತೊಂದರೆ, ಅಕ್ಕಪಕ್ಕದವರು ಮಾತು ಕೇಳಿ ನಗುತ್ತಾರೆ, ನಾನು ಕೆಳಗಿನ ಸಾಲು ಓದಿ ನಗಬೇಕು. ತುಳುವಿಗೂ ತಡ, ಮಲಯಾಳಕ್ಕೂ ತಡ. ಈ ಊರಿನಲ್ಲಿ ನಾನು ಯಾವಾಗಲೂ ಎರಡನೆಯ ಪಾಳಿಯಲ್ಲಿ ನಗುವವನು.

ಬೋಳಾರದ ಅಕ್ಕ
ಪಾಪ. ತುಳು ಕಲಿ ತಮ್ಮಾ.

ಲೆಕ್ಕದ ಪುಸ್ತಕ
ಒಂಟಿ ಪರದೆಯ ಟಾಕೀಸುಗಳು ಉಳಿದಿದ್ದರೆ ಈ ದುಬಾರಿಯ ಮಾತೇ ಬರುತ್ತಿರಲಿಲ್ಲ. ಮಂಗಳೂರಿನ ಜ್ಯೋತಿ ಟಾಕೀಸ್ ಹೋಯಿತು, ಈಗ ಅದು ಬಸ್ ನಿಲ್ದಾಣದ ಹೆಸರು ಮಾತ್ರ. ವೃತ್ತಕ್ಕೆ ಅಂಬೇಡ್ಕರ್ ಹೆಸರಿದೆ, ಆದರೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಬಸ್ಸಿನ ನಿರ್ವಾಹಕರು ಈಗಲೂ “ಜ್ಯೋತಿ, ಜ್ಯೋತಿ” ಎಂದೇ ಕೂಗುವುದು. ಮೊನ್ನೆ ನನ್ನ ಮಗಳು “ಜ್ಯೋತಿ ಯಾರು?” ಎಂದು ಕೇಳಿದಳು. ತುಳು ಸಿನಿಮಾ ನೋಡಲು ಹೋಗುತ್ತಿದ್ದ ಟಾಕೀಸು ಎಂದೆ. “ಅದಕ್ಕೆ ಹುಡುಗಿಯ ಹೆಸರು ಯಾಕೆ?” ಎಂದಳು. ಅಲ್ಲಿಗೆ ಬಿಟ್ಟೆ.

ನಾಟಕದ ಮಾಮ
ಬೆಕ್ಕಿಗೆ ಒಂದು ಸಲಹೆ. ಅಮ್ಮನಿಗೆ ಇನ್ನೊಮ್ಮೆ ತೋರಿಸಿ. ಈ ಸಲ ಕನಿಷ್ಠ ಆರು ಜನ ಇರಲಿ, ದೀಪ ಆರಿಸಿ, ಮೊಬೈಲುಗಳು ಬೇರೆ ಕೋಣೆಯಲ್ಲಿರಲಿ. ಸೌತೆಕಾಯಿಯನ್ನು ಮೊದಲೇ ಹೆಚ್ಚಿ ಮುಗಿಸಿ. ಆರು ಜನರಲ್ಲಿ ಒಬ್ಬರಾದರೂ ಸುಲಭವಾಗಿ ನಗುವವರಿರಬೇಕು. ನಾಟಕದಲ್ಲಿ ನಾವು ಅಂಥ ಒಬ್ಬನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದೆವು, ಪುಕ್ಕಟೆ ಚಹಾ ಕೊಟ್ಟು.

ಕದ್ರಿಯ ಬೆಕ್ಕು
ಮಾಡಿದೆ ಮಾಮ. ವರದಿ ಒಪ್ಪಿಸುತ್ತಿದ್ದೇನೆ.

ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಅಕ್ಕ ಮತ್ತು ಅವರ ಅತ್ತೆ, ಮೇಲಿನ ಮನೆಯ ಇಬ್ಬರು ಹುಡುಗರು, ನಾನು. ಒಟ್ಟು ಏಳು. ಗೋಳಿಬಜೆ ಮಾಡಿದ್ದೆವು. ಸುಲಭವಾಗಿ ನಗುವವರು ಬೇಕೆಂದಿರಿ, ಚಿಕ್ಕಮ್ಮ ಶೀರ್ಷಿಕೆ ಬರುವಾಗಲೇ ನಗಲು ಶುರುಮಾಡಿದರು. ಹತ್ತನೆಯ ನಿಮಿಷಕ್ಕೆ ಹುಡುಗರಿಗೆ ಹತ್ತಿತು. ಅಮ್ಮ ಬಿಗಿಯಾಗಿಯೇ ಇದ್ದರು. ಭಾವ ಬಂದಾಗ ಪಕ್ಕದ ಮನೆಯ ಅತ್ತೆ “ನಮ್ಮ ಅಳಿಯನೇ!” ಎಂದರು. ಆ ಅಳಿಯನನ್ನು ಅಮ್ಮನೂ ಬಲ್ಲರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು, ಆಮೇಲೆ ಅದೂ ಸಾಲದಾಯಿತು. ಅರ್ಧ ಸಂಭಾಷಣೆ ಯಾರಿಗೂ ಕೇಳಲಿಲ್ಲ. ಮುಖ ಮುಖ ನೋಡುವ ಹೊತ್ತು ಸಾಲುತ್ತಿರಲಿಲ್ಲ, ಎರಡು ಸಲ ನಾನೇ ನಿಲ್ಲಿಸಬೇಕಾಯಿತು.

ಕೊನೆಗೆ ಸಿನಿಮಾದ ಹುಡುಗಿ ಭಾನುವಿನ ವಿಷಯ ಗಂಭೀರವಾಗುವಾಗ ಎಲ್ಲರೂ ತಣ್ಣಗಾದರು, ಪಕ್ಕದ ಮನೆಯ ಅಕ್ಕ ಗೋಳಿಬಜೆಯನ್ನು ತಟ್ಟೆಗೆ ಹಾಕಿ ಮುಂದೆ ಬಾಗಿ ಕೂತರು. ಆಗ ಗುಡುಗು, ಮಿಂಚು, ಕರೆಂಟು ಹೋಯಿತು. ಒಂದೂವರೆ ಗಂಟೆ ಬರಲೇ ಇಲ್ಲ. ಎಲ್ಲರೂ ಮನೆಗೆ ಹೋದರು. ಇವತ್ತು ಬೆಳಿಗ್ಗೆ ಬಟ್ಟೆ ಒಣಗಿಸುವಾಗ ಆ ಅಕ್ಕ ಬೇಲಿಯ ಆಚೆಯಿಂದ, “ಆ ಹುಡುಗಿಗೆ ಕೊನೆಗೆ ಏನಾಯಿತು?” ಎಂದು ಕೇಳಿದರು. ಹೇಳಲು ಹೊರಟರೆ, “ಬೇಡ ಬೇಡ, ಹೇಳಬೇಡ, ನೋಡಬೇಕು” ಎನ್ನುತ್ತಾರೆ. ನೋಡಲು ಕರೆದರೆ, “ಎಲ್ಲರೂ ಸೇರಲಿ” ಎನ್ನುತ್ತಾರೆ.

ಬೋಳಾರದ ಅಕ್ಕ
ಮುಂದಿನ ಸಲ ನನ್ನನ್ನೂ ಕರೆ. ಅತ್ತೆಯನ್ನೂ ಕರೆತರುತ್ತೇನೆ, ಹಿಂದಿನ ಸಾಲಿನ ಶಿಸ್ತು ಅವರದು.

ಲೆಕ್ಕದ ಪುಸ್ತಕ
ಟಿಕೆಟ್ ಎಷ್ಟು? ಚಕ್ಕುಲಿ ತರಬಹುದೇ?

ಪಂಚಗಂಗಾವಳಿ
ಪಕ್ಕದ ಮನೆಯವರು ಯಾವ ಸೋಮೇಶ್ವರ ಎಂದುಕೊಂಡಿದ್ದಾರೆ, ಮೊದಲು ಅದನ್ನು ಕೇಳಿ ಹೇಳಿ.